ಬಿಸ್ಕತ್ತು ತಿಂದ ಹೊತ್ತಿನ ಅಂಕಿಗಳು

ಪ್ರೀತಿಯ ಅಪ್ಪ,

ರಕ್ತದ ಸಕ್ಕರೆ ಅಳೆಯುವ ನಮ್ಮ ಹೊಸ ಯಂತ್ರದಲ್ಲಿ ನೋಡಿ ನೀನು ಬರೆದು ಕಳಿಸಿದ ಅಂಕಿಗಳು ತಲುಪಿದವು. ಹದಿನೈದು ದಿನದಲ್ಲಿ ಒಂದೂ ನೂರಿಪ್ಪತ್ತು ದಾಟಿಲ್ಲ! ಲ್ಯಾಬಿನವರೆಲ್ಲ ಖುಷಿಪಟ್ಟರು, ನನಗೆ ಮಾತ್ರ ಅನುಮಾನ ಬಂದು ಅಮ್ಮನಿಗೆ ಫೋನ್ ಮಾಡಿದೆ. ಬಿಸ್ಕತ್ತು ತಿಂದ ಮೇಲೆ ಬಂದ ಅಂಕಿಗಳನ್ನು ನೀನು ಬರೆಯುವುದೇ ಇಲ್ಲವಂತೆ. "ಮಗಳ ಯಂತ್ರಕ್ಕೆ ಕೆಟ್ಟ ಹೆಸರು ಬರುತ್ತೆ ಕಣೇ" ಅಂದೆಯಂತೆ.

ಅಪ್ಪ, ನಮಗೆ ಬೇಕಾದದ್ದೇ ಆ ಅಂಕಿಗಳು. ಮೊದಲೆಲ್ಲ ಸಕ್ಕರೆ ಹೆಚ್ಚಾದರೆ ಒಮ್ಮೆಲೇ ನುಗ್ಗಿ ಸೆನ್ಸರ್ ಕಕ್ಕಾಬಿಕ್ಕಿಯಾಗುತ್ತಿತ್ತು. ಅದಕ್ಕೇ ಅದರ ತುದಿಗೆ ಪಾಲಿಮರಿನ ತೆಳು ಪೊರೆ ಹಚ್ಚಿದ್ದೇನೆ. ಅದು ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತದೆ. ಹಾಗೆ ಮಾಡಬೇಕೆಂದು ಹೊಳೆದದ್ದು ನಿನ್ನನ್ನು ನೆನೆದು. ಟಾಕೀಸಿನ ಗೇಟಿಗೆ ಜನ ಮುಗಿಬಿದ್ದಾಗ ನೀನು ಒಂದೇ ಬಾಗಿಲು ತೆರೆದು, "ತಳ್ಳಬೇಡ್ರಪ್ಪಾ, ಸಿನಿಮಾ ಎಲ್ಲೂ ಓಡಿಹೋಗಲ್ಲ" ಅನ್ನುತ್ತಿದ್ದೆ. ನಾನು ನಿನ್ನ ಸ್ಟೂಲಿನ ಮೇಲೆ ಕೂತು, ಟಾರ್ಚು ಹಿಡಿದುಕೊಂಡು ನೋಡುತ್ತಿದ್ದೆ.

ಇನ್ನು ಮೇಲೆ ಒಂದನ್ನೂ ಬಿಡದೆ ಬರೆದು ಕಳಿಸು. ನಾನು ಬೈಯುವುದಿಲ್ಲ. ಎಲ್ಲರ ಟಿಕೆಟ್ ಹರಿದಾದ ಮೇಲೆ, ಟಿಕೆಟ್ಟೇ ಇಲ್ಲದ ನನ್ನನ್ನು ದಿನವೂ ಒಳಗೆ ಬಿಟ್ಟವನು ನೀನು.

ನಿನ್ನ ಸ್ಟೂಲಿನ ಗುಬ್ಬಿ