ಕತ್ತು ತಿರುಗಿಸಿದ್ದಕ್ಕೆ

ಮನೆ, ಮುಂಭಾಗದ ಕೋಣೆ
ಮಾರ್ಚ್ 8, ಶನಿವಾರ ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ಮಗಳೇ? ತೊಡೆಯ ಹಿಂದಿನ ಸೆಳೆತ ಕಡಿಮೆಯಾಯಿತೇ? ಓಡುವ ಮುಂಚೆ ಮೈ ಬಿಸಿ ಮಾಡಿಕೊಳ್ಳುವುದನ್ನು ಕಾಟಾಚಾರಕ್ಕೆ ಮುಗಿಸಬೇಡ. ನಿಮ್ಮ ಕೋಚ್ ಮೇಡಂ ಇದನ್ನೆಲ್ಲ ಹೇಳಿರುತ್ತಾರೆ, ಆದರೂ ಹೇಳದಿದ್ದರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಸರಿಯಾಗಿ ಊಟ ಮಾಡು, ನಿದ್ದೆ ಮಾಡು. ನೀನು ಮನೆ ಬಿಟ್ಟು ಆ ಓಟದ ಶಿಬಿರ ಸೇರಿ ಒಂದೂವರೆ ವರ್ಷವಾಯಿತು. ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತೀಯ, ನನ್ನ ಕೈಗೆ ಫೋನ್ ಬರುವ ಹೊತ್ತಿಗೆ ನಿನಗೆ ಯಾರೋ ಕರೆದಂತಾಗುತ್ತದೆ. ಕೋಪವಿಲ್ಲ. ಇದೆ, ಆದರೆ ಈಗ ಅದನ್ನು ಬರೆಯುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಬಲಗೈಯ ಎರಡು ಬೆರಳಿಗೆ ಪಟ್ಟಿ ಹಾಕಿದ್ದಾರೆ.

ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕ್ಲಬ್ಬಿನ ಸಮಿತಿಯವರು ನಿನಗೆ ಫೋನ್ ಮಾಡುತ್ತಾರೆ ಎಂಬುದು ನಿನಗೆ ಗೊತ್ತೇ ಇದೆ. ತರಬೇತಿಗೆ ಬರುವ ಮಕ್ಕಳಿಗೆ ನಾನು ಹೊಡೆಯುತ್ತೇನೋ ಇಲ್ಲವೋ ಎಂಬುದು ವಿಚಾರಣೆ. ನಮ್ಮ ಮೈದಾನದಿಂದ ದೊಡ್ಡ ಓಟಗಳಿಗೆ ಹೋದವಳು ನೀನೊಬ್ಬಳೇ, ಹಾಗಾಗಿ ನಿನ್ನ ಮಾತೇ ಕೊನೆಯ ಮಾತು ಎಂದಿದ್ದಾರೆ. ನಾನು ಅಲ್ಲಿ ಉಳಿಯುವುದೂ, ಗಂಟುಮೂಟೆ ಕಟ್ಟುವುದೂ ನಿನ್ನ ಬಾಯಲ್ಲಿದೆ. "ನಮ್ಮಪ್ಪ ಒಂದು ದಿನಾನೂ ಕೈ ಎತ್ತಿಲ್ಲ ಅಂತ ಹೇಳ್ಬಿಡು" ಎಂದು ಅಮ್ಮ ಹೇಳಿದ್ದಾಳೆ, ನೀನು "ಆಯ್ತಮ್ಮಾ" ಎಂದಿದ್ದೀಯ. ಅಮ್ಮನ ಬಾಯಿಗೆ ಆ ಮಾತು ಹಾಕಿದವನು ನಾನೇ. ಅವಳು ಒಲ್ಲೆ ಎಂದಳು, ಎರಡು ದಿನ ಗೋಗರೆದೆ.

ಆದದ್ದೇನು ಎಂದು ಅಮ್ಮ ನಿನಗೆ ಪೂರ್ತಿ ಹೇಳಿರಲಾರಳು, ಅವಳಿಗೆ ಪೂರ್ತಿ ಗೊತ್ತಿಲ್ಲ. ಟೈರ್ ಅಂಗಡಿಯವನ ಮಗಳೊಬ್ಬಳು ಬರುತ್ತಾಳೆ, ಹನ್ನೆರಡು ವರ್ಷ, ಕಡ್ಡಿಯಂತಿದ್ದಾಳೆ, ಎಲ್ಲರೂ ಸೂಜಿ ಎಂದು ಕರೆಯುತ್ತಾರೆ. ನೆಲದ ಮೇಲೆ ಹಾಸುವ ಹಗ್ಗದ ಏಣಿ ನೆನಪಿದೆಯಲ್ಲ, ಒಂದೊಂದು ಮನೆಯೊಳಗೂ ಎರಡೆರಡು ಹೆಜ್ಜೆ ಇಟ್ಟು ಓಡಬೇಕು, ಅಡ್ಡಪಟ್ಟಿಗೆ ಕಾಲು ತಾಗಬಾರದು. ಸೂಜಿಯ ಕಾಲು ಪದೇ ಪದೇ ತಾಗುತ್ತಿತ್ತು. ತಾಗಿದಾಗಲೆಲ್ಲ ಮೀನಖಂಡಕ್ಕೆ ರಬ್ಬರ್ ಕೊಳವೆಯಿಂದ ಒಂದು ಬಾರಿಸುತ್ತಿದ್ದೆ. ಓಡುವಾಗ ಸೊಂಟಕ್ಕೆ ಕಟ್ಟಿ ಹಿಂದಕ್ಕೆ ಎಳೆಯುವ ಅದೇ ಹಳದಿ ಕೊಳವೆ. ಏಳನೆಯದೋ ಎಂಟನೆಯದೋ ಏಟಿಗೆ ಅವಳು ತಪ್ಪಿಸಿಕೊಳ್ಳಲು ಪಕ್ಕಕ್ಕೆ ನೆಗೆದಳು. ನೆಗೆತ ಬಹಳ ಚೆನ್ನಾಗಿತ್ತು ಗುಬ್ಬೀ, ಸುಳ್ಳು ಯಾಕೆ ಹೇಳಲಿ, ಆ ಕ್ಷಣದಲ್ಲಿ ನನಗೆ ಹೊಳೆದದ್ದು ಅದೇ. ಪಕ್ಕದಲ್ಲಿ ಕಬ್ಬಿಣದ ಹರ್ಡಲ್ ನಿಂತಿತ್ತು. ಅದಕ್ಕೆ ಬಾಯಿ ಬಡಿಯಿತು, ಮುಂದಿನ ಎರಡು ಹಲ್ಲು ಮುರಿದವು, ಕೆಳತುಟಿ ಸೀಳಿತು. ಟೀಶರ್ಟಿನ ಎದೆಯೆಲ್ಲ ರಕ್ತ. ಅವಳು ಅಳಲಿಲ್ಲ. ಬಾಯಿ ಮುಚ್ಚಿಕೊಂಡು ಮತ್ತೆ ಏಣಿಯ ತುದಿಗೆ ಹೋಗಿ ಸರದಿಯಲ್ಲಿ ನಿಂತಳು.

ಮರುದಿನ ಬೆಳಿಗ್ಗೆ ಏಳಕ್ಕೆ ಅವಳ ಅಪ್ಪ ಮೈದಾನಕ್ಕೆ ಬಂದ. ಕೈಯಲ್ಲಿ ಟೈರ್ ಬಿಚ್ಚುವ ಕಬ್ಬಿಣದ ಪಟ್ಟಿ. ಅದನ್ನು ಬೆಂಚಿನ ಮೇಲೆ ನಿಧಾನವಾಗಿ ಇಟ್ಟು, "ಮಾಸ್ಟ್ರೇ, ಇದು ಬೇಡ. ಇದ್ರಲ್ಲಿ ಹೊಡೆದ್ರೆ ನೀವು ಸತ್ತೋಗ್ತೀರ" ಎಂದ. ಆ ಮರ್ಯಾದೆಗೆ ನಾನು ಮರುಳಾದೆ, ಕೂತು ಮಾತಾಡೋಣ ಎನ್ನುತ್ತಾನೆ ಅಂದುಕೊಂಡೆ. ಮೊದಲನೆಯ ಹೊಡೆತ ನನ್ನ ಎಡ ಕಪಾಳಕ್ಕೆ ಬಿತ್ತು. ಕಿವಿಯೊಳಗೆ ಏನೋ ಹರಿದ ಸದ್ದಾಯಿತು, ಆಮೇಲೆ ಒಂದೇ ಸಮನೆ ಗುಂಯ್. ನೂರಹತ್ತು ಕಿಲೋ ಆಸಾಮಿ, ಹೆಜ್ಜೆ ಎಮ್ಮೆಯ ಹಾಗೆ, ಭುಜದಿಂದ ಮುಷ್ಟಿಯವರೆಗೆ ಮಾತ್ರ ಮಿಂಚು. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ತಿರುಗು, ದೂರ ಹೋಗು, ಇಷ್ಟು ಸಾಕಿತ್ತು. ಇದನ್ನೇ ಹದಿನೆಂಟು ವರ್ಷದಿಂದ ಊರ ಮಕ್ಕಳಿಗೆಲ್ಲ ಹೇಳಿಕೊಡುವವನು ನಾನು, ಎಡಕ್ಕೆ ಎರಡನೇ ಹೆಜ್ಜೆ ಇಡುವಾಗ ನಾನೇ ಇಟ್ಟ ಕೋನ್ ಎಡವಿ ಅಂಗಾತ ಬಿದ್ದೆ. ಅವನು ನನ್ನ ಎದೆಯ ಮೇಲೆ ಮೊಣಕಾಲೂರಿದ. ಮೂಗಿನ ಮೂಳೆ ಮುರಿದ ಸದ್ದು ಬಲಗಿವಿಗೆ ಕೇಳಿಸಿತು. ಮುಖ ಮುಚ್ಚಿಕೊಂಡ ಕೈಯನ್ನು ಕಿತ್ತು ತೆಗೆಯುವಾಗ ಎರಡು ಬೆರಳು ಹಿಂದಕ್ಕೆ ಬಾಗಿ ಲಟಕ್ಕೆಂದವು. ಬಾಯಿಗೊಂದು, ಬಾಯಿಗೊಂದು, ಮತ್ತೆ ಬಾಯಿಗೇ ಒಂದು. ಹಲ್ಲಿಗೆ ಹಲ್ಲು ಬರುವ ತನಕ ಅವನು ಬಿಡಲಿಲ್ಲ. ಎರಡು ಬಿದ್ದ ಮೇಲೆ ಎದ್ದು, ಪಟ್ಟಿ ಎತ್ತಿಕೊಂಡು, ಮಗಳ ಚೀಲವನ್ನೂ ಎತ್ತಿಕೊಂಡು ಹೋಗಿ ಕ್ಲಬ್ಬಿನಲ್ಲಿ ದೂರು ಬರೆದುಕೊಟ್ಟ. ಹೊಡೆದವನೂ ಅವನೇ, ದೂರು ಕೊಟ್ಟವನೂ ಅವನೇ. ಅವನ ಧೈರ್ಯ ನೋಡು!

ಇಪ್ಪತ್ತಮೂರು ಮಕ್ಕಳು ಗೆರೆಯ ಮೇಲೆ ನಿಂತು ನೋಡುತ್ತಿದ್ದರು, ಒಬ್ಬರೂ ಅಲುಗಾಡಲಿಲ್ಲ. ಸ್ಟಾಪ್‌ವಾಚ್ ಹಿಡಿದಿದ್ದ ಹುಡುಗಿ ಹತ್ತಿರ ಬಂದು, "ಸಾರ್, ನಲವತ್ತೊಂದು ಸೆಕೆಂಡ್" ಎಂದಳು. ಏನೇ ಆದರೂ ವಾಚ್ ನಿಲ್ಲಿಸಬೇಡ, ಮುಗಿದ ತಕ್ಷಣ ಸಮಯ ಹೇಳು ಎಂದು ಕಲಿಸಿದವನು ನಾನು, ಅವಳನ್ನು ಬೈಯುವಂತಿಲ್ಲ. ನೆಲದ ಮೇಲೆ ಮಲಗಿಯೇ ಅವಳ ಮುಖ ನೋಡಿದೆ. ಹೆದರಿಕೆ ಇರಲಿಲ್ಲ. ಸಂತೋಷವಿತ್ತು ಅಂತಲೂ ಹೇಳಲಾರೆ, ಆದರೆ ಇನ್ನೂ ಸ್ವಲ್ಪ ಹೊತ್ತು ನಡೆದಿದ್ದರೆ ಅವಳಿಗೆ ಬೇಜಾರೇನೂ ಆಗುತ್ತಿರಲಿಲ್ಲ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ಎಂಬುದನ್ನು ನಿನಗೆ ಹೇಳಲೇಬೇಕು. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ, ನೀನು ಹೇಳಬೇಕಾದ ಸುಳ್ಳನ್ನು ಅಮ್ಮನಿಗೆ ಹೇಳಿಕೊಟ್ಟೆ. ಮನೆಗೆ ಬಂದ ನಾಲ್ಕನೇ ದಿನ, ಇದೇ ಕುರ್ಚಿಯಲ್ಲಿ ಕೂತಿದ್ದೆ. ಅಮ್ಮ ಎಡಗಡೆಯ ಬಾಗಿಲಲ್ಲಿ ನಿಂತು ಮೂರು ಸಲ ಕರೆದಳಂತೆ. ಮೂರನೆಯ ಸಲಕ್ಕೆ ನಾನು ಕತ್ತು ಪೂರ್ತಿ ತಿರುಗಿಸಿ ಅವಳ ಬಾಯಿ ನೋಡಿದೆ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಏನ್ರೀ ಅದು, ಹಾಗೇ ಕತ್ತು ತಿರುಗಿಸ್ತೀರ? ಗುಬ್ಬೀನೂ ಹೀಗೇ ಮಾಡ್ತಿದ್ಲು" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಮರುದಿನ ಕಿವಿ ಡಾಕ್ಟರಿಗೆ ನನ್ನ ಕಿವಿಯ ಸುದ್ದಿ ಬಿಟ್ಟು ನಿನ್ನದೇ ಕೇಳಿದೆ. ಕಪಾಳಕ್ಕೆ ಬಿದ್ದ ಏಟಿಗೆ ಕಿವಿಯ ತಮಟೆ ಹರಿಯುತ್ತದೆ, ಸುಮ್ಮನೆ ಬಿಟ್ಟರೆ ತಾನೇ ಕೂಡಿಕೊಳ್ಳುತ್ತದೆ, ಅದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದರೆ, ಕೀವಾದರೆ, ತೂತು ಹಾಗೇ ಉಳಿದುಬಿಡುತ್ತದೆ ಎಂದರು. ಒಂದು ಕಿವಿ ಮಂದವಾದರೆ ಸದ್ದು ಯಾವ ಕಡೆಯಿಂದ ಬಂತು ಎಂದೂ ತಿಳಿಯುವುದಿಲ್ಲವಂತೆ, ಮನುಷ್ಯ ಗೊತ್ತಿಲ್ಲದೆಯೇ ಕತ್ತು ತಿರುಗಿಸುತ್ತಾನಂತೆ.

ಆಗ ನಿನಗೆ ಹದಿಮೂರು. ಶಾಲೆಗಳ ನಡುವಿನ ಓಟದಲ್ಲಿ ನಾಲ್ಕನೆಯವಳಾಗಿ ಬಂದೆ. ಬೂಟು ಬಿಚ್ಚುವ ಮೊದಲೇ, ಎಲ್ಲರ ಎದುರಿಗೆ, ಮೈಯಲ್ಲಿದ್ದ ಶಕ್ತಿಯೆಲ್ಲ ಬಿಟ್ಟು ನಿನ್ನ ಎಡ ಕಪಾಳಕ್ಕೆ ಹೊಡೆದೆ. ನೀನು ಕೂತ ಜಾಗದಿಂದ ಪಕ್ಕಕ್ಕೆ ಉರುಳಿದೆ. ಆ ತಿಂಗಳೆಲ್ಲ ನಿನ್ನ ಕಿವಿ ಸೋರಿತು, ಈಜಾಡಿದ್ದಕ್ಕೆ ಎಂದು ನಾನು ನೆರೆಮನೆಯವರಿಗೆ ಹೇಳಿದೆ. ಆಮೇಲೆ ಶುರುವಾಯಿತಲ್ಲ ನಿನ್ನ ನಿಧಾನ. ನಮ್ಮ ಮೈದಾನದಲ್ಲಿ ನೆರಳು ಬಲಗಡೆಗಿದೆ, ನಾನು ಅಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ನೀನು ಬಾಣದ ಹಾಗೆ ಹೊರಡುತ್ತಿದ್ದೆ. ಓಟದ ದಿನ, ಓಟ ಶುರುಮಾಡಲು ಗುಂಡು ಹಾರಿಸುವ ಪಿಸ್ತೂಲಿನವನು ಎಡಗಡೆ ನಿಲ್ಲುತ್ತಿದ್ದ. ಜನರ ಗಲಾಟೆ ಬೇರೆ. ನೀನು ಕತ್ತು ಅತ್ತ ತಿರುಗಿಸುತ್ತಿದ್ದೆ, ಪಕ್ಕದವಳ ಭುಜ ಅಲುಗಾಡಿದ ಮೇಲೆ ಏಳುತ್ತಿದ್ದೆ. ಅಭ್ಯಾಸದಲ್ಲಿ ಹುಲಿ, ಓಟದಲ್ಲಿ ಇಲಿ, ಇವಳಿಗೆ ಭಯ ಎಂದು ತೀರ್ಮಾನಿಸಿದೆ. ಭಯ ಬಿಡಿಸಲು ಹೊಡೆದೆ. ಅದೇ ಕಪಾಳಕ್ಕೆ ಹೊಡೆದೆ. ಕತ್ತು ತಿರುಗದಿರಲಿ ಎಂದು ರಟ್ಟು ಕತ್ತರಿಸಿ ಕುತ್ತಿಗೆಗೆ ಪಟ್ಟಿ ಮಾಡಿ ಕಟ್ಟಿದೆ, ಅದರ ಅಂಚು ಕುಯ್ದು ಗಲ್ಲದ ಕೆಳಗೆ ಗಾಯವಾಯಿತು, ಗಾಯದ ಮೇಲೆಯೇ ಎರಡು ವಾರ ಓಡಿಸಿದೆ. ನಾನೇ ಕಿವುಡು ಮಾಡಿ, ಕೇಳಿಸಲಿಲ್ಲ ಅಂತ ನಾನೇ ಹೊಡೆದೆ ಮಗಳೇ. ಐದು ವರ್ಷ ಹೊಡೆದೆ. ನೀನು ಒಂದು ಸಲವೂ "ಕೇಳಿಸ್ತಿಲ್ಲಪ್ಪಾ" ಎನ್ನಲಿಲ್ಲ. ಅಂದಿದ್ದರೆ ನೆಪ ಹೇಳ್ತೀಯ ಎಂದು ಅದಕ್ಕೂ ಹೊಡೆಯುತ್ತಿದ್ದೆ.

ಈಗ ಅಲ್ಲಿ ನೀನು ಎಲ್ಲರಿಗಿಂತ ಮೊದಲು ಎದ್ದು ಹೊರಡುತ್ತೀಯ ಎಂದು ಕೇಳಿದಾಗ ನನಗೆ ಹೊಟ್ಟೆ ಉರಿದಿತ್ತು. ಆ ಮೇಡಂ ಯಾವ ಮಂತ್ರ ಹಾಕಿದರು ಎಂದು ಅಮ್ಮನ ಮೇಲೆ ಹರಿಹಾಯ್ದೆ. ಮಂತ್ರವೇನೂ ಇಲ್ಲ, ದೊಡ್ಡ ಓಟಗಳಲ್ಲಿ ಪ್ರತಿಯೊಬ್ಬರ ಬೆನ್ನ ಹಿಂದೆಯೂ ಪಿಸ್ತೂಲಿನ ಸದ್ದು ಕೇಳಿಸುವ ಒಂದೊಂದು ಸ್ಪೀಕರ್ ಇಡುತ್ತಾರೆ, ಅಷ್ಟೇ.

ಇನ್ನೊಂದು ಬರೆಯಬಾರದೆಂದಿದ್ದೆ. ಕ್ಲಬ್ಬಿಗೆ ದೊಡ್ಡವರು ಯಾರಾದರೂ ಬಂದರೆ, "ನಮ್ಮ ಹುಡುಗಿಯ ಚುರುಕು ನೋಡಿ" ಎಂದು ನಾನು ಹಠಾತ್ತನೆ ಕೈ ಎತ್ತುತ್ತಿದ್ದೆ. ನೀನು ಕಣ್ಣು ಮಿಟುಕಿಸುವಷ್ಟರಲ್ಲಿ ತಲೆ ತಗ್ಗಿಸಿ ಎರಡು ಹೆಜ್ಜೆ ಪಕ್ಕಕ್ಕಿರುತ್ತಿದ್ದೆ. ಅವರು ನಗುತ್ತಿದ್ದರು, ನಾನು ಮೀಸೆ ತಿರುವುತ್ತಿದ್ದೆ. ನಾನು ಕಲಿಸಿದ್ದರಲ್ಲಿ ನೀನು ಅತಿ ವೇಗವಾಗಿ ಮಾಡುತ್ತಿದ್ದದ್ದು ಅದೊಂದೇ. ಅದನ್ನು ನೆನೆದರೆ ನನ್ನ ಕೈಯನ್ನೇ ಕಡಿದು ಹಾಕಬೇಕೆನಿಸುತ್ತದೆ, ಹಾಗನಿಸಿದ ಮರುಗಳಿಗೆ ಆ ಟೈರಿನವನ ಮೇಲೆ ಸಿಟ್ಟು ಬರುತ್ತದೆ. ನಾನು ಇಂಥವನೇ ಗುಬ್ಬೀ, ಒಂದೇ ಕಾಗದದಲ್ಲಿ ಒಳ್ಳೆಯವನಾಗಿಬಿಟ್ಟೆ ಎಂದು ನಂಬಬೇಡ.

ಅಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಇದ್ದದ್ದೇ. ನಿನ್ನ ಹಳೆಯ ಬೂಟುಗಳನ್ನು ಬಿಸಿಲಿಗೆ ಇಟ್ಟು ಒಳಗೆ ತಂದಿಡುತ್ತಾಳೆ. ನಿಮ್ಮ ಮೇಡಂಗೆ ನನ್ನ ನಮಸ್ಕಾರ ತಿಳಿಸು, ಇದು ಹೊಟ್ಟೆಯುರಿ ಇಲ್ಲದ ನಮಸ್ಕಾರ. ನಿನ್ನ ಕಾಲು ಗಟ್ಟಿಯಾಗಿರಲಿ, ಉಸಿರು ಗಟ್ಟಿಯಾಗಿರಲಿ, ನೂರು ವರ್ಷ ಬಾಳು.

ಇಂತು,
ನಿನ್ನ ಅಪ್ಪ

ಮರೆತ ಮಾತು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಮ್ಮ ಹೇಳಿದ್ದನ್ನು ಗುರುವಾರ ಹೇಳಬೇಡ. ಕಪಾಳದ್ದು, ಕಿವಿಯದ್ದು, ರಟ್ಟಿನದ್ದು, ಎಲ್ಲ ಹೇಳು. ನಾನು ಉಳಿದರೆ ಸೂಜಿ ಹೋದ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ, ನನ್ನ ಕೈ ನನಗೆ ಗೊತ್ತು. ಸಮಿತಿಯವರು ಫೋನನ್ನು ಸ್ಪೀಕರಿಗೆ ಹಾಕಿ ನನ್ನನ್ನೂ ಆ ಕೋಣೆಯಲ್ಲೇ ಕೂರಿಸುತ್ತಾರಂತೆ. ಈಗ ಇಷ್ಟು ಬರೆದಿದ್ದೇನೆ, ಆ ಹೊತ್ತಿಗೆ ನನಗೆ ಹೆದರಿಕೆ ಹತ್ತಿ "ಗುಬ್ಬೀ" ಎಂದು ಹೊಡೆಯುವ ಮುಂಚಿನ ಆ ದನಿಯಲ್ಲಿ ಕರೆದುಬಿಟ್ಟರೂ ಕರೆದೆ. ಕರೆದರೆ ನೀನು ಸುಳ್ಳು ಹೇಳುತ್ತೀಯ, ಹಾಗೆ ಪಳಗಿಸಿದ್ದೇನೆ. ಅದಕ್ಕೆ ಫೋನ್ ಎತ್ತಿದ ಕೂಡಲೇ ಮೊದಲ ಮಾತು ಇದನ್ನೇ ಹೇಳು: ನಮ್ಮಪ್ಪನನ್ನು ಹೊರಗೆ ಕಳಿಸಿ, ಆಮೇಲೆ ಮಾತಾಡುತ್ತೇನೆ.