ಸೀಟಿನ ಕೆಳಗಿದ್ದ ಕೋಲು

ಅಪ್ಪಾ,

ನೀನು ತೀರಿಕೊಂಡ ಮೇಲೆ ನಿಂತೇ ಇದ್ದ ನಿನ್ನ ಕಾರಿನ ಬ್ರೇಕನ್ನು ಇವತ್ತು ನಾನೇ ರಿಪೇರಿ ಮಾಡಿದೆ, ಗೊತ್ತಾ? ಪೆಡಲ್ ನೆಲದವರೆಗೂ ಇಳಿಯುತ್ತಿತ್ತು. ಸೋರುತ್ತಿದ್ದ ಹೋಸ್ ಬದಲಿಸಿ, ಪೈಪಿನ ಗಾಳಿ ತೆಗೆಯಲು ಕೆಳಗೆ ಮಲಗಿದೆ; ಆಗ ಮೇಲೆ ಇನ್ನೊಬ್ಬರು ಪೆಡಲ್ ಒತ್ತಿ ಹಿಡಿದಿರಬೇಕಲ್ಲ. ಚಿಕ್ಕವಳಿದ್ದಾಗ ನಾನು ಪೆಡಲ್ ಒತ್ತುತ್ತಿದ್ದ ಸೀಟಿನಲ್ಲಿ ಈಗ ನನ್ನ ಗಂಡ. ನನ್ನ ಗಂಡ! ಬರೆಯುವುದಕ್ಕೇ ಎಷ್ಟು ಚೆಂದ.

"ನಾನು ಹೇಳೋವರೆಗೂ ಕಾಲು ತೆಗೀಬೇಡ" ಎಂದೆ, ಥೇಟ್ ನಿನ್ನ ಹಾಗೆ.

"ಅಪ್ಪಣೆ, ಮೇಡಂ. ಸೀಟಿನ ಕೆಳಗೊಂದು ಕೋಲಿದೆ, ಬಿಸಾಕಲಾ?" ಎಂದು ಬಾಗಿಲಿನಿಂದ ತೋರಿಸಿದ.

ಸೀಟಿಗೂ ಪೆಡಲಿಗೂ ನಡುವೆ ಸರಿಯಾಗಿ ಕೂರುವಂತೆ ಕತ್ತರಿಸಿದ ಕೋಲು. ತುದಿಗೆ ನನ್ನ ಹಳೇ ಸ್ಕೂಲ್ ಸಾಕ್ಸ್ ಸುತ್ತಿದ್ದೀಯ. ಹಾಸ್ಟೆಲಿನಿಂದ ಫೋನ್ ಮಾಡಿದಾಗೆಲ್ಲ ನೀನು, "ಪೆಡಲ್ ಒತ್ತೋಕೆ ಜನಕ್ಕೇನು ಬರ, ನೀನು ಓದ್ಕೋ" ಅನ್ನುತ್ತಿದ್ದೆ.

"ಅದು ಅಲ್ಲೇ ಇರಲಿ" ಎಂದೆ. ನಟ್ಟು ಬಿಗಿ ಮಾಡಿದ ಮೇಲೂ ಕಾರಿನ ಕೆಳಗೇ ಮಲಗಿದ್ದೆ. ನಾನಿನ್ನೂ ಹೇಳಿಲ್ಲವೆಂದು, ಪಾಪ, ಇವನು ಕಾಲು ತೆಗೆಯಲೇ ಇಲ್ಲ.