ಆಶ್ ಸಸಿ ಸತ್ತಿಲ್ಲ

ಕಿಲೆಲೆಶ್ವಾ, ನೈರೋಬಿ

ಮನೆ ಮಾಲೀಕರಾದ ಲಾರೆನ್ಸ್ ಅವರಿಗೆ,

ಕಿಲೆಲೆಶ್ವಾದ ಸಮಸ್ತ ಮಹಾಜನತೆಗೆ ಈ ಮೂಲಕ ಘೋಷಿಸುವುದೇನೆಂದರೆ, ಗೇಟಿನ ಪಕ್ಕದ ನನ್ನ ಅಮೆರಿಕನ್ ಆಶ್ ಮರದ ಸಸಿ ಸತ್ತಿಲ್ಲ! "ಒಣಕಡ್ಡಿ ಮಾರಾಯ್ರೆ, ಶನಿವಾರ ಕೀಳಿಸ್ತೇನೆ" ಅಂದಿರಲ್ಲ, ಸ್ವಲ್ಪ ತಾಳಿ. ತೊಗಟೆ ಕೆರೆದು ನೋಡಿದೆ, ಒಳಗೆ ಹಸಿರೇ ಇದೆ. ಇದರ ಬೀಜಕ್ಕೆ ಮೊಳೆಯಲು ಚಳಿಗಾಲ ಬೇಕಂತೆ. ಇಲ್ಲಿ ಅದೆಲ್ಲಿ ಬರಬೇಕು? ಹೆಂಡತಿಯ ಬೈಗುಳದ ನಡುವೆ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ತಿಂಗಳುಗಟ್ಟಲೆ ಮಲಗಿಸಿ ಎಬ್ಬಿಸಿದ ಸಸಿ ಅದು.

ಎಲೆ ಹೋದದ್ದು ರೋಗದಿಂದಲ್ಲ, ಒಗ್ಗರಣೆಯಿಂದ. ನಿಮ್ಮ ಶ್ರೀಮತಿ ಜೆನಿಫರ್ ಅವರು ಕರಿಬೇವೆಂದು ದಿನಾ ಕಿತ್ತಿದ್ದಾರೆ. ನಿನ್ನೆ ನನ್ನನ್ನೇ ಕೇಳಿದರು: "ನಿಮ್ಮ ಕರಿಬೇವಿನೆಲೆಗೆ ಪರಿಮಳವೇ ಇಲ್ಲ, ಗೊಬ್ಬರ ಹಾಕುದಿಲ್ವಾ?" ಅವರ ನೀರುದೋಸೆಯ ಋಣ ನನ್ನ ಮೇಲಿರುವುದರಿಂದ ಸುಮ್ಮನಿದ್ದೆ. ಆ ಸಾರು ಉಂಡವರು ನೀವು. ವಿಷಯ ನೀವೇ ತಿಳಿಸಿ. ಗುರುತು ಸುಲಭ: ಆಶ್ ಎಲೆಗಳು ಕೊಂಬೆಯ ಮೇಲೆ ಎದುರುಬದುರಾಗಿ ಜೋಡಿ ಕೂರುತ್ತವೆ, ಕರಿಬೇವಿನವು ಒಂದಾದ ಮೇಲೊಂದು.

ನಾಳೆ ಮೊಂಬಾಸಾಕ್ಕೆ ಹೊರಟಿದ್ದೇನೆ, ಸೋಮವಾರ ಬರುತ್ತೇನೆ. ಅಲ್ಲಿಯವರೆಗೆ ಗುದ್ದಲಿ ಒಳಗಿರಲಿ. ಸಂಜೆ ಬುಡಕ್ಕೊಂದು ಬಕೆಟ್ ನೀರು ಹಾಕಿಸುತ್ತೀರಾ?

ಇತಿ,
ಕೆಳಮನೆ ಬಾಡಿಗೆದಾರ
ಹೃಷಿಕೇಶ್